ಸ್ವಂತ ತೋಳಬಲದ ಕಥೆಯೂ ಕೆಸರಿನಡಿಯ ಹಡಗೂ

ಅಮೆರಿಕದ ಪಶ್ಚಿಮದ ಗಡಿಯೂರುಗಳ ಬಗ್ಗೆ ನಾವೆಲ್ಲ ಓದಿಕೊಂಡು ಬಂದದ್ದು ಒಂದೇ ಕಥೆ. ಕೊಡಲಿ, ನೇಗಿಲು, ಬಂದೂಕು ಹಿಡಿದು ಹೊರಟ ಸಂಸಾರಗಳು ಯಾರ ಹಂಗೂ ಇಲ್ಲದೆ ಖಾಲಿ ಕಾಡನ್ನು ಕಡಿದು ಊರು ಕಟ್ಟಿದವು ಎಂಬುದು. ಉಗಿಹಡಗಿಗೆ ಅದರಲ್ಲಿ ಇರುವುದು ಜೂಜುಕೋರರನ್ನೂ ಸಂಗೀತಗಾರರನ್ನೂ ಹೊತ್ತು ಹಾದುಹೋಗುವ ಅಲಂಕಾರದ ಪಾತ್ರ ಮಾತ್ರ. ಈ ಕಥೆಯನ್ನು ನಾನು ಒಪ್ಪಲಾರೆ. ಮಿಸೌರಿ ನದಿಯ ಕೆಸರು ಕಾಪಾಡಿಕೊಂಡು ಬಂದ ಸಾಕ್ಷ್ಯ ಇದಕ್ಕೆ ತದ್ವಿರುದ್ಧವಾಗಿದೆ.

1856ರ ಸೆಪ್ಟೆಂಬರಿನಲ್ಲಿ ‘ಅರೇಬಿಯಾ’ ಎಂಬ ಉಗಿಹಡಗು ಈಗಿನ ಕ್ಯಾನ್ಸಸ್ ಸಿಟಿಯ ಹತ್ತಿರ, ನೀರಿನಡಿ ಹೂತಿದ್ದ ಮರದ ಬೊಡ್ಡೆಗೆ ಬಡಿದು ಮುಳುಗಿತು. ಪ್ರಯಾಣಿಕರೆಲ್ಲ ಪಾರಾದರು, ಕಟ್ಟಿಹಾಕಿದ್ದ ಒಂದು ಹೇಸರಗತ್ತೆ ಸತ್ತಿತು. ಮುಂದೆ ನದಿ ಪಾತ್ರ ಬದಲಿಸಿತು. 1988ರಲ್ಲಿ ಅಗೆದಾಗ ಹಡಗು ಸಿಕ್ಕಿದ್ದು ನದಿಯಿಂದ ಅರ್ಧ ಮೈಲಿ ಆಚೆಯ ಹೊಲವೊಂದರಲ್ಲಿ, ಸುಮಾರು 45 ಅಡಿ ಮಣ್ಣಿನ ಕೆಳಗೆ. ಗಡಿಯೂರುಗಳ ಅಂಗಡಿಗಳಿಗೆಂದು ಹೊರಟಿದ್ದ ಸರಕು ಹಾಗೇ ಇತ್ತು: ಸಾವಿರಾರು ಬೂಟುಗಳು, ಅಂಗಿಯ ಗುಂಡಿಗಳು, ಮೊಳೆ, ಬೀಗ, ಇಂಗ್ಲೆಂಡಿನ ಪಿಂಗಾಣಿ, ಫ್ರಾನ್ಸಿನ ಸುಗಂಧದ್ರವ್ಯ, ಸೀಸೆಯೊಳಗೆ ಹಸಿರು ಮಾಸದ ಎಳೆಸೌತೆಯ ಉಪ್ಪಿನಕಾಯಿ.

ಗುಂಡಿಯಿಂದ ಹಿಡಿದು ಬೀಗದವರೆಗೆ ಎಲ್ಲವೂ ದೂರದ ಕಾರ್ಖಾನೆಗಳಿಂದ ಬರುತ್ತಿತ್ತು. ಗಡಿಯೂರುಗಳ ಜನ ಮೈಮುರಿದು ದುಡಿದರು, ನಿಜ. ಆದರೆ ಅವರ ದಿನನಿತ್ಯದ ಬದುಕು ನಡೆಯುತ್ತಿದ್ದುದು ಹಡಗುಕಟ್ಟೆಯ ಮೇಲೆ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿ ಹಡಗು ನಿಂತರೆ ಅಂಗಡಿಯ ಕಪಾಟು ತುಂಬಿಸುವವರಿರಲಿಲ್ಲ.

ಆ ಹಡಗನ್ನು ನಡೆಸಿದವರು ಯಾರು? ಬಾಯ್ಲರಿನ ಹಸಿವಿಗೆ ಮತ್ತೆ ಮತ್ತೆ ದಡ ಹಿಡಿದು ಸೌದೆ ತುಂಬಬೇಕಿತ್ತು. ಕಡಿಮೆ ದರದಲ್ಲಿ ಕೆಳಗಿನ ಡೆಕ್ಕಿನಲ್ಲಿ ಬರುತ್ತಿದ್ದ ಬಡ ಪ್ರಯಾಣಿಕರೂ ಅದನ್ನು ಹೊತ್ತರು. ಗುಲಾಮರಂತೂ ಹೊತ್ತೇ ಹೊತ್ತರು. ಸೇಂಟ್ ಲೂಯಿಯಲ್ಲಿ ಗುಲಾಮನಾಗಿದ್ದ ವಿಲಿಯಂ ವೆಲ್ಸ್ ಬ್ರೌನ್ ಅವರನ್ನು ಯಜಮಾನ ಒಬ್ಬ ಗುಲಾಮ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟಿದ್ದ. ಉಗಿಹಡಗಿನಲ್ಲಿ ನ್ಯೂ ಆರ್ಲಿಯನ್ಸಿನ ಸಂತೆಗೆ ಒಯ್ಯುವ ವಯಸ್ಸಾದವರ ನರೆಗೂದಲು ಕೀಳುವುದು, ಕೀಳಲಾರದಷ್ಟಿದ್ದರೆ ಕಪ್ಪು ಬಳಿಯುವುದು ಅವರ ಪಾಲಿನ ಕೆಲಸ. ತಪ್ಪಿಸಿಕೊಂಡು ಪಾರಾದ ಮೇಲೆ, 1847ರ ತಮ್ಮ ಆತ್ಮಕಥನದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಆ ಪುಟಗಳನ್ನು ಓದಿದ ಮೇಲೆ ಬಿಳಿ ಹಡಗಿನ ವೈಭವದ ವರ್ಣನೆ ನನ್ನ ಗಂಟಲಿನಿಂದ ಇಳಿಯುವುದಿಲ್ಲ. ಕಾಡು ಖಾಲಿಯಿತ್ತೆಂಬ ಮಾತೂ ನಿಲ್ಲುವುದಿಲ್ಲ: 1837ರಲ್ಲಿ ‘ಸೇಂಟ್ ಪೀಟರ್ಸ್’ ಹಡಗಿನೊಡನೆ ಮಿಸೌರಿಯ ಮೇಲ್ಭಾಗಕ್ಕೆ ಬಂದ ಸಿಡುಬು ಅಲ್ಲಿನ ಮೂಲನಿವಾಸಿಗಳಾದ ಮ್ಯಾಂಡನ್ ಜನರಲ್ಲಿ ಬಹುಪಾಲು ಮಂದಿಯನ್ನು ಬಲಿ ತೆಗೆದುಕೊಂಡಿತು.

‘ಹಡಗು ಬರದಿದ್ದರೂ ಅವರು ಹೇಗೋ ಊರು ಕಟ್ಟುತ್ತಿದ್ದರು’ ಎನ್ನುವವರು ಮಿಸೌರಿ ರಾಜ್ಯದ ವೆಸ್ಟನ್ ಊರನ್ನು ನೋಡಲಿ. ತಂಬಾಕು, ಸೆಣಬು ಹೇರಿ ಕಳಿಸುತ್ತ ಬೆಳೆದ ರೇವು ಅದು. ಅಂತರ್ಯುದ್ಧದೊಂದಿಗೆ ಸೆಣಬಿನ ಹೊಲದ ಗುಲಾಮರು ಸ್ವತಂತ್ರರಾದರು. ರೈಲು ಬಂದು ವ್ಯಾಪಾರವನ್ನು ಬೇರೆಡೆಗೆ ಸೆಳೆಯಿತು. 1881ರ ಪ್ರವಾಹದಲ್ಲಿ ನದಿಯೇ ಊರು ಬಿಟ್ಟು ದೂರ ಹರಿಯಿತು. ಭೂಮಿಯ ಒಡೆಯರು ಅಲ್ಲೇ ಇದ್ದರು, ಕೊಡಲಿ ನೇಗಿಲುಗಳೂ ಇದ್ದವು. ರೇವಿನ ಸಿರಿ ಮಾತ್ರ ಮರಳಲಿಲ್ಲ.