ಹಸಿ ಇದ್ದಾಗಲೇ ಎಡೆ ಹೊಡೆಯಬೇಕು

ಸೊಲ್ಲಾಪುರಕ್ಕೆ ಬಂದವರು ಎರಡು ಟವೆಲ್ಲು ಕೊಳ್ಳದೆ ಊರು ಬಿಡುವುದಿಲ್ಲ. ಸಿರ್ಸಿಯಿಂದ ಸೊಸೆಯಾಗಿ ಬಂದ ನಾನು ಮಾತ್ರ, ಇಲ್ಲಿ ನೆಲೆಸಿದ ಮೇಲೆ ತಲೆಯಿಂದ ಮೊದಲು ದೂರ ಇಟ್ಟಿದ್ದೇ ಆ ಟವೆಲ್ಲನ್ನು. ಮೈ ಒರೆಸಲು ಅದರಂಥದ್ದು ಇನ್ನೊಂದಿಲ್ಲ, ಜಿಐ ಗುರುತು ಪಡೆದ ನೇಯ್ಗೆ. ಆದರೆ ಅದರ ದಪ್ಪ ಸುರುಳಿ ಎಳೆಗಳು ನೀರಿನ ಜೊತೆ ಕೂದಲನ್ನೂ ಜಗ್ಗುತ್ತವೆ. ನೆನೆದ ಕೂದಲು ಉಬ್ಬಿ ಮೆತ್ತಗಾಗಿರುತ್ತದೆ. ಆಗ ತಿಕ್ಕಿದರೆ ಅದರ ಹೊರಸಿಪ್ಪೆ ಏಳುತ್ತದೆ. ಮಲೆನಾಡಿನ ತೇವದಲ್ಲಿ ಈ ತಪ್ಪು ಹೇಗೋ ನಡೆದುಹೋಗುತ್ತಿತ್ತು.

ಸಿರ್ಸಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಸೊಲ್ಲಾಪುರದಲ್ಲಿ ಅದರ ಮೂರನೇ ಒಂದು ಪಾಲು ಬಂದರೆ ಒಳ್ಳೆಯ ವರ್ಷ. ಭೂಗೋಳದ ಲೆಕ್ಕದಲ್ಲಿ ಇದು ಮರುಭೂಮಿಯಲ್ಲ, ಅರೆಶುಷ್ಕ ನಾಡು. ಏಪ್ರಿಲ್‌ನ ಮಧ್ಯಾಹ್ನ, ಪಾದರಸ 40 ಡಿಗ್ರಿ ದಾಟಿದಾಗ, ಆ ವ್ಯತ್ಯಾಸ ಕೂದಲಿಗೆ ತಿಳಿಯುವುದಿಲ್ಲ. ಮೊದಲ ಬೇಸಿಗೆಗೇ ನನ್ನ ಹೆರಳು ಒಣ ಜೋಳದ ಕಣಿಕೆಯಂತೆ ಸದ್ದು ಮಾಡತೊಡಗಿತು. ಗಾಬರಿಯಲ್ಲಿ ಒಣಗಿದ ತಲೆಗೇ ದಿನವೂ ಎಣ್ಣೆ ಸುರಿದೆ. ಎರೆಮಣ್ಣಿನ ಧೂಳು ಬಂದು ಅಂಟಿತೇ ಹೊರತು ಕೂದಲು ಮೆತ್ತಗಾಗಲಿಲ್ಲ.

ಅಕ್ಕಲಕೋಟದಾಚೆ ಮೈಂದರಗಿಯಲ್ಲಿರುವ ಅತ್ತೆ ಅದನ್ನು ನೋಡಿ ನಕ್ಕರು. "ಹೊಲಾ ಬಿರುಕು ಬಿಟ್ಟ ಮ್ಯಾಲ ಎಡಿ ಹೊಡದ್ರ ಏನ್ ಬಂತವ್ವಾ? ಹಸಿ ಇದ್ದಾಗನ ಹೊಡೀಬೇಕು. ತಲೀದೂ ಹಂಗ."

ಹೊಲ ಕಾಣದೆ ಬೆಳೆದ ನನಗೆ ಆ ಮಾತು ಅರ್ಥವಾಗಲು ಒಂದು ಹಿಂಗಾರು ಬೇಕಾಯಿತು. ಇಲ್ಲಿಯ ಮಾಲದಂಡಿ ಜೋಳ ಬಿತ್ತುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಮುಂದೆ ಮಳೆಯ ನಂಬಿಕೆಯಿಲ್ಲ. ಕಪ್ಪು ನೆಲ ಕುಡಿದಿಟ್ಟ ನೀರೇ ಬಂಡವಾಳ. ಆ ನೆಲ ಒಣಗಿದಂತೆ ಸೀಳುತ್ತದೆ, ಸೀಳಿನಲ್ಲಿ ತೇವ ಹಾರುತ್ತದೆ. ಅದಕ್ಕೇ ಎಡೆಕುಂಟೆ ಹೊಡೆದು ಮೇಲ್ಮಣ್ಣು ಸಡಿಲಿಸಿ ಬಿರುಕು ಮುಚ್ಚುತ್ತಾರೆ. 1933ರಲ್ಲಿ ಸೊಲ್ಲಾಪುರ, ವಿಜಾಪುರಗಳಲ್ಲಿ ಶುರುವಾದ ಒಣಬೇಸಾಯ ಸಂಶೋಧನೆ ಬೆನ್ನು ಹತ್ತಿದ್ದೂ ಇದೇ ಪ್ರಶ್ನೆಯನ್ನು: ಇರುವ ನೀರನ್ನು ಉಳಿಸಿಕೊಳ್ಳುವುದು ಹೇಗೆ?

ಬುಡದಿಂದ ಹೊರಬಂದ ಕೂದಲೂ ಹಿಂಗಾರಿನ ಬೆಳೆಯಂತೆಯೇ. ಅದು ಜೀವವಿಲ್ಲದ ಎಳೆ, ತನಗೆ ಬೇಕಾದ ತೇವವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಎಣ್ಣೆಯೂ ನೀರಲ್ಲ, ಇರುವ ನೀರು ಬೇಗ ಹಾರದಂತೆ ತಡೆಯುವ ಪದರ, ಅಷ್ಟೆ. ಆದರೆ ಎಲ್ಲ ಎಣ್ಣೆಯೂ ಒಂದೇ ಅಲ್ಲ. 2003ರಲ್ಲಿ ರೆಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ನೇರವಾದ ಸಣ್ಣ ಅಣು ಎಳೆಯೊಳಗೆ ಇಳಿಯುತ್ತದೆ. ನಮ್ಮ ಹೊಲದ ಕುಸುಬೆ, ಸೂರ್ಯಕಾಂತಿಯಂತೆ ಲಿನೋಲಿಕ್ ಆಮ್ಲದ ಎಣ್ಣೆ. ಹಾಗಾಗಿ ಕುಸುಬೆ ಎಣ್ಣೆ ರೊಟ್ಟಿ ಜೊತೆಯ ಶೇಂಗಾ ಹಿಂಡಿಗೆ, ಕೊಬ್ಬರಿ ಎಣ್ಣೆ ತಲೆಗೆ. ಇದು ನಮ್ಮ ಮನೆಯ ಕಾನೂನು.

ಇನ್ನು ನೀರು. ಭೀಮೆಯ ಉಜನಿ ಜಲಾಶಯದ ನೀರು ನಗರದ ನಳದಲ್ಲಿ ದಿನವೂ ಬರುವುದಿಲ್ಲ. ನಡುವಿನ ದಿನಗಳಿಗೆ ಬೋರು. ಕರಿಗಲ್ಲಿನ ಸಂದಿಯಿಂದ ಬರುವ ಈ ಸವಳು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಸಾಬೂನು ಸೇರಿದರೆ ಬಿಳಿ ಕೆನೆಗಟ್ಟಿ ಕೂದಲಿಗೆ ಮೆತ್ತುತ್ತದೆ. ಸವಳು ನೀರಿಗೆ ಕೂದಲು ಉದುರುತ್ತದೆ ಎಂಬ ಮಾತು ಮಾತ್ರ ಅಷ್ಟು ಸುಲಭದ್ದಲ್ಲ. 2013ರಲ್ಲಿ ಪ್ರಕಟವಾದ ಕೊಯಮತ್ತೂರಿನ ವೈದ್ಯರ ಅಧ್ಯಯನದಲ್ಲಿ ಕೂದಲಿನ ಬಲ ಕುಗ್ಗಿದ್ದು ಕಾಣಲಿಲ್ಲ. 2018ರ ಇನ್ನೊಂದರಲ್ಲಿ ಕುಗ್ಗಿದ್ದು ಕಂಡಿತು. ಒರಟಾಗುವುದಂತೂ ಕೈಗೇ ತಿಳಿಯುತ್ತದೆ. ನಾನು ಸಾಬೂನು ಬಿಟ್ಟು ಸೀಗೆಕಾಯಿಗೆ ಮರಳಿದೆ. ಅಕ್ಕಲಕೋಟದ ಕಿರಾಣಿ ಅಂಗಡಿಯಲ್ಲಿ ಶಿಕೇಕಾಯಿ ಎಂದರೂ ಸೀಗಿಕಾಯಿ ಎಂದರೂ ಅದೇ ಪೊಟ್ಟಣ ಕಟ್ಟಿಕೊಡುತ್ತಾರೆ. ಕೊನೆಯ ಎರಡು ತಂಬಿಗೆ ಮಾತ್ರ ತುಂಬಿಟ್ಟ ನಳದ ನೀರು, ಅದರಲ್ಲಿ ನಾಲ್ಕು ಹನಿ ಇಂಡಿ ಊರಿನ ಲಿಂಬೆಯ ರಸ.

ಈಗ ನನ್ನ ಕ್ರಮ ಹೀಗಿದೆ. ಎರೆದುಕೊಳ್ಳುವ ಹಿಂದಿನ ರಾತ್ರಿ ಎಣ್ಣೆ. ಎರೆದುಕೊಂಡ ಮೇಲೆ ಹಳೆ ಹತ್ತಿ ಸೀರೆಯ ತುಂಡಿನಲ್ಲಿ ತಿಕ್ಕದೆ ಒತ್ತುವುದು. ಇನ್ನೂ ತೇವವಿರುವಾಗಲೇ ಅಂಗೈಗೆ ಎರಡು ಹನಿ ಎಣ್ಣೆ ಸವರಿಕೊಂಡು ತುದಿಗೆ ಹಚ್ಚಿ, ಅಗಲ ಹಲ್ಲಿನ ಹಣಿಗೆಯಿಂದ ಸಿಕ್ಕು ಬಿಡಿಸುವುದು. ಎಡೆ ಹೊಡೆಯುವುದೆಂದರೆ ಇದೇ. ಬಿಸಿಲಿಗೆ ಹೊರಟಾಗ ತಲೆ ಮೇಲೆ ಸೆರಗು. ಸೂರ್ಯನ ಅತಿನೇರಳೆ ಕಿರಣ ಕೂದಲಿನ ಪ್ರೋಟೀನನ್ನೂ ಬಣ್ಣವನ್ನೂ ಕೆಡಿಸುತ್ತದೆ.

ಇದೆಲ್ಲ ಎಳೆಯ ಆರೈಕೆ. ಕೂದಲು ಉದುರುವುದು ಬೇರೆ ಮಾತು. ದಿನಕ್ಕೆ ನೂರರವರೆಗೆ ಉದುರುವುದು ಸಹಜ. ಜ್ವರ, ಹೆರಿಗೆ, ದೊಡ್ಡ ಚಿಂತೆಯ ನಂತರ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರಿದರೆ ಬೋರಿನ ನೀರನ್ನು ಬೈಯುತ್ತ ಕೂರದೆ ಚರ್ಮವೈದ್ಯರನ್ನು ಕಾಣಿ.

ಟವೆಲ್ಲು ಈಗಲೂ ಇದೆ. ತಲೆಗೆ ಅತ್ತೆಯ ಸೀರೆಯ ತುಂಡು, ಹೆರಳಿನ ಹನಿ ಹಿಡಿಯಲು ಹೆಗಲ ಮೇಲೆ ಸೊಲ್ಲಾಪುರದ ಟವೆಲ್ಲು.