ಕಾಲಡಿಯ ನಾಲಿಗೆ: ಗಿಟಾರ್ ಪೆಡಲ್, ತತ್ವಪದ ಮತ್ತು ಕೇಳಿಸಬೇಕಾದ ಮಾತು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಪ್ರಬಂಧದ ಹೆಸರು ನೋಡಿ ಕೆಲವರಿಗೆ ನಗು ಬಂದಿರಬಹುದು. ಕನ್ನಡ ವಿಭಾಗದ ಗೋಷ್ಠಿಯಲ್ಲಿ ಗಿಟಾರ್ ಪೆಡಲ್‌ಗೆ ಏನು ಕೆಲಸ ಅಂತ. ಕೆಲಸ ಇದೆ. ತತ್ವಪದಕ್ಕೆ, ದಾಸರ ಪದಕ್ಕೆ ಗಿಟಾರು ಸೇರಿದ ಮೇಲೆ ನಮ್ಮಲ್ಲಿ ಕೇಳಿಬರುವುದು ಹೆಚ್ಚುಕಡಿಮೆ ಒಂದೇ ಮಾತು: ಮೊದಲಿನದು ಸಹಜ, ಈಗಿನದು ಕೃತಕ. ಈ ಜೋಡಿ ಪದದಿಂದ ಹಾಡಿನ ಬಗ್ಗೆ ಏನೂ ತಿಳಿಯುವುದಿಲ್ಲ ಎಂಬುದು ನನ್ನ ತಕರಾರು. ಕೇಳಬೇಕಾದ ಪ್ರಶ್ನೆ ಬೇರೆ. ಆ ಸದ್ದು ಪದದ ಮಾತಿಗೆ ಏನು ಮಾಡುತ್ತದೆ? ಮಾತು ಕೇಳುಗನ ಕಿವಿಗೆ ಮುಟ್ಟುತ್ತದೋ, ಸದ್ದಿನಲ್ಲೇ ಕರಗಿಹೋಗುತ್ತದೋ?

ಪೆಡಲ್ ಗೊತ್ತಿಲ್ಲದವರಿಗೆ ಎರಡು ಮಾತು. ಎಲೆಕ್ಟ್ರಿಕ್ ಗಿಟಾರಿನಿಂದ ಹೊರಟ ವಿದ್ಯುತ್ ಸಂಕೇತ ಆಂಪ್ಲಿಫೈಯರ್ ಮುಟ್ಟುವ ಮೊದಲು ನೆಲದ ಮೇಲಿಟ್ಟ ಒಂದು ಡಬ್ಬಿಯ ಮೂಲಕ ಹಾದುಹೋಗುತ್ತದೆ. ಅಂಗೈಯಗಲದ ಲೋಹದ ಡಬ್ಬಿ, ಮೇಲೆ ಮೂರೋ ನಾಲ್ಕೋ ತಿರುಗಣೆ, ಕಾಲಲ್ಲಿ ಒತ್ತುವ ಒಂದು ಗುಂಡಿ. ಒತ್ತಿದರೆ ಸದ್ದು ಒಡೆಯುತ್ತದೆ, ಅಥವಾ ಮಾರ್ದನಿಯಾಗುತ್ತದೆ, ಅಥವಾ ಬಾಯಿ ತೆರೆದು ಮುಚ್ಚಿದ ಹಾಗೆ ಕೇಳುತ್ತದೆ. ಆಟಕ್ಕೆಂದೇ ಮಾಡಿದ ವಿಚಿತ್ರ ಡಬ್ಬಿಗಳೂ ಇವೆ. ಎಲೆಕ್ಟ್ರೋ ಹಾರ್ಮೋನಿಕ್ಸ್ ಕಂಪನಿಯ ಫ್ರೀಜ್ ಎಂಬ ಪೆಡಲ್ ಒತ್ತಿದ ಕ್ಷಣದ ಸ್ವರವನ್ನು ಹಿಡಿದು, ಕಾಲು ತೆಗೆಯುವವರೆಗೆ ಮೊಳಗಿಸುತ್ತಲೇ ಇರುತ್ತದೆ. ಒಂದೇ ಸಮ ಮೊಳಗುವ ಶ್ರುತಿ! ನಮಗೆ ಹೊಸದೇನಲ್ಲ. ಈಗ ಒಂದು ಆಡಿಯೊ ಹಾಕ್ತೀನಿ. ಕೇಳಸ್ತದೇನ್ರಿ?

(ತಂಬೂರಿ ನಾದದ ತುಣುಕು. ಒಂದೆರಡು ಸೆಕೆಂಡ್ ಕೇಳಿಸಿ ನಿಂತಿತು.)

ನೋಡ್ರಿ, ನನ್ನ ಕಡೆ ತಂಬೂರಿ ನಿಂತಿಲ್ಲ. ನಾವು ಕೂಡಿರುವ ಈ ಮೀಟಿಂಗ್ ಆ್ಯಪ್ ಬಿಡದೆ ಮೊಳಗುವ ಯಾವ ಸದ್ದನ್ನೂ ಫ್ಯಾನಿನ ಗಾಳಿ ಅಂತ ತಿಳಿದು ಅಳಿಸಿಬಿಡುತ್ತದೆ. ಅದರ ಲೆಕ್ಕದಲ್ಲಿ ಮಾತು ಬೇಕಾದದ್ದು, ಶ್ರುತಿ ಗದ್ದಲ. ಸೆಟ್ಟಿಂಗ್ ಬದಲಿಸುತ್ತೇನೆ.

(ತುಣುಕು ಪೂರ್ತಿ ಕೇಳಿಸಿತು.)

ಈ 'ಜುಂಯ್' ಬರುವುದು ಬರೀ ತಂತಿಯಿಂದಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದು ಎಳೆ ನೂಲು ಸಿಕ್ಕಿಸಿರುತ್ತಾರೆ. ಕರ್ನಾಟಕ ಸಂಗೀತದವರು ಅದನ್ನು ಜೀವ ಎನ್ನುತ್ತಾರೆ. ನೂಲನ್ನು ಒಂದಿಷ್ಟು ಸರಿಸಿದರೆ ತಂತಿ ಕುದುರೆಯ ಬಾಗಿದ ಮೈಗೆ ತಾಗಿ ತಾಗಿ ಮಿಡಿಯುತ್ತದೆ, ಉಪಸ್ವರಗಳು ಏಳುತ್ತವೆ. ತೆಗೆದರೆ ನಾದ ಬೋಳು. 1921ರಲ್ಲಿ ಸಿ.ವಿ. ರಾಮನ್ ಬರೆದ ಒಂದು ಲೇಖನ ಇದರ ಬಗ್ಗೆಯೇ ಇದೆ. ಮೀಟಿದ ಜಾಗದಲ್ಲಿ ಯಾವ ಉಪಸ್ವರ ಅಲುಗಾಡದೋ ಅದು ಕೇಳಿಸಬಾರದು ಎಂಬುದು ತಂತಿವಾದ್ಯಗಳ ಹಳೆಯ ನಿಯಮ. ತಂಬೂರಿ ಮತ್ತು ವೀಣೆ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂದು ಅವರು ತೋರಿಸಿದರು. ಅಂದರೆ ನಾವು ಸಹಜ ಅನ್ನುವ ನಾದ, ತಂತಿಯ ನಡತೆಯನ್ನು ಬೇಕಂತಲೇ ಕೆಡಿಸಿ ಪಡೆದದ್ದು. ಹತ್ತಿ ಮಾರ್ಕೆಟ್ಟಿನ ಊರು ಆದವಾನಿಯಿಂದ ಬಂದ ನನಗೆ ಒಂದೆಳೆ ನೂಲು ಇಷ್ಟೆಲ್ಲ ಮಾಡುತ್ತದೆ ಅನ್ನುವುದೇ ಖುಷಿ.

ಚೌಡಿಕೆಯದೂ ಇದೇ ಕತೆ. ಎಲ್ಲಮ್ಮನ ಜೋಗತಿಯರ ಕೈಯ ವಾದ್ಯ. ತಂತಿಯ ಒಂದು ತುದಿ ಚರ್ಮಕ್ಕೇ ಕಟ್ಟಿರುವುದರಿಂದ ತಂತಿ ಮಿಡಿದರೆ ಚರ್ಮವೂ ಗುಂಯ್‌ಗುಡುತ್ತದೆ. ಬಿಗಿ ಹೆಚ್ಚುಕಡಿಮೆ ಮಾಡಿದರೆ ಸ್ವರ ಜಗ್ಗುತ್ತದೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಜೋಗತಿ ಕಲೆಯ ಬಗ್ಗೆ ಓದುವುದಕ್ಕೆ ಬಹಳ ಸಿಗುತ್ತದೆ. ಆದರೆ ನಾನು ಓದಿದ್ದರಲ್ಲೆಲ್ಲ ಕತೆ, ನಂಬಿಕೆ, ಸಮುದಾಯವೇ ಇತ್ತು. ಆ ಒಡೆದ ದನಿಗೆ ಕತೆಯೊಳಗೆ ಏನು ಕೆಲಸ ಎಂಬ ಪ್ರಶ್ನೆ ಇರಲಿಲ್ಲ. ಸಾಹಿತ್ಯದ ನಾವು ವಾದ್ಯವನ್ನು ಫೋಟೊದ ಕೆಳಗಿನ ಅಡಿಬರಹಕ್ಕೆ ಬಿಟ್ಟುಬಿಡುತ್ತೇವೆ.

ಹಾಗೆ ಬಿಡದ ಒಬ್ಬ ನಮ್ಮ ಸಿಲಬಸ್ಸಿನಲ್ಲೇ ಇದ್ದಾನೆ: ಕೇಶಿರಾಜ. ಶಬ್ದಮಣಿದರ್ಪಣದಲ್ಲಿ ಮಾತು ಹುಟ್ಟುವ ಬಗೆ ಹೇಳುವಾಗ ನಾಭಿಯ ಬುಡದಿಂದ ಏಳುವ ದನಿಗೆ ಅವನು ಕೊಡುವ ಹೋಲಿಕೆ ಕಹಳೆಯದು. ಮೈ ವಾದ್ಯ, ನಾಲಿಗೆ ಅದನ್ನು ನುಡಿಸುವ ಕೋಲು, ನುಡಿಸುವವನು ಆತ್ಮ. ಶಬ್ದದ ಬಣ್ಣ ಬಿಳಿ ಅಂತಲೂ ಹೇಳುತ್ತಾನೆ. ನಾವು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ, ಜೈನರ ಶಬ್ದದ್ರವ್ಯದ ಕಲ್ಪನೆ ಎಂದು ಒಂದು ಸಾಲು ಬರೆದು, ಸಂಧಿಪ್ರಕರಣಕ್ಕೆ ಓಡುತ್ತೇವೆ. ಆದರೆ ಇಲ್ಲಿ ಮಾತಿಗೂ ವಾದ್ಯಕ್ಕೂ ನಡುವೆ ಗೋಡೆಯೇ ಇಲ್ಲ ಎಂಬುದನ್ನು ಗಮನಿಸಬೇಕು. ಮಾತೇ ಒಂದು ನುಡಿಸಾಣಿಕೆ.

ಈಗ ಪೆಡಲ್ಲಿನ ಚರಿತ್ರೆ ನೋಡಿದರೆ ಅದೂ ಇದೇ ಎರಡು ವಸ್ತುಗಳ ಬೆನ್ನು ಹತ್ತಿ ಬಂದದ್ದು: ಕಹಳೆ ಮತ್ತು ನಾಲಿಗೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಹಾಡುಗಾರನ 'ಡೋಂಟ್ ವರಿ' ಧ್ವನಿಮುದ್ರಣ ಆಗುವಾಗ ಮಿಕ್ಸಿಂಗ್ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರು ಒಡಕು ದನಿಯಲ್ಲಿ ಗೊರಗುಟ್ಟಿತು. ಅದನ್ನು ಅಳಿಸದೆ ಹಾಗೇ ಬಿಟ್ಟರು. 1961ರಲ್ಲಿ ಆ ಹಾಡು ಗೆದ್ದಿತು. ಅಲ್ಲಿದ್ದ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಒಡಕನ್ನು ಬೇಕೆಂದಾಗ ತರಿಸುವ ಡಬ್ಬಿ ಮಾಡುವುದರಲ್ಲಿ ಕೈಗೂಡಿಸಿದರು; 1962ರಲ್ಲಿ ಅದು ಮೇಸ್ಟ್ರೋ ಫಜ್‌ ಟೋನ್ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ಗಿಟಾರಿನಲ್ಲೇ ಕಹಳೆಯಂಥ ಊದುವಾದ್ಯಗಳ ದನಿ ಬರುತ್ತದೆ ಎಂಬುದೇ ಅದರ ಜಾಹೀರಾತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಇದನ್ನು ಒತ್ತಿದ್ದೂ ಮುಂದೆ ಊದುವಾದ್ಯ ಸೇರಿಸುವ ತನಕ ಜಾಗ ಹಿಡಿದಿಡಲಿ ಅಂತ. ಆ ಜಾಗಕ್ಕೆ ಊದುವಾದ್ಯ ಬರಲೇ ಇಲ್ಲ.

ನಾಲಿಗೆಯ ಕತೆ ಇನ್ನೂ ನಮಗೆ ಹತ್ತಿರದ್ದು. 1967ರ ಹೊತ್ತಿಗೆ ಪೇಟೆಗೆ ಬಂದ ವಾ-ವಾ ಪೆಡಲ್ ತೂಗುಮಣೆಯ ಹಾಗೆ ಹಿಂದೆ ಮುಂದೆ ಬಾಗುತ್ತದೆ. ಹಿಮ್ಮಡಿ ಒತ್ತಿದರೆ ಕೆಳಗಿನ ಕಂಪನಗಳು ಎದ್ದು ಕಾಣುತ್ತವೆ, ಬೆರಳ ತುದಿ ಒತ್ತಿದರೆ ಮೇಲಿನವು. ನಾವು ಊಕಾರದಿಂದ ಆಕಾರಕ್ಕೆ ಹೋಗುವಾಗಲೂ ಗಂಟಲಿನ ಸ್ವರ ಅದೇ ಇರುತ್ತದೆ, ಬಾಯಿಯ ಆಕಾರ ಬದಲಾಗಿ ಬೇರೆ ಕಂಪನಗಳು ಎದ್ದು ಬರುತ್ತವೆ. ಅಂದರೆ ಗಿಟಾರಿಗೆ ಕಾಲಿನಿಂದ ಒಂದು ಬಾಯಿ ಕಟ್ಟಿದ ಹಾಗಾಯಿತು. ವಾ-ವಾ ಎಂಬ ಹೆಸರೂ ಅನುಕರಣ ಶಬ್ದವೇ, ಕೇಶಿರಾಜನ ಪ್ರಕಾರದ್ದು. ಟಾಕ್ ಬಾಕ್ಸ್ ಎಂಬ ಡಬ್ಬಿಯಂತೂ ಗಿಟಾರಿನ ದನಿಯನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ನುಡಿಸುವವನ ಬಾಯಿಗೇ ತರುತ್ತದೆ. ಅವನು ನಾಲಿಗೆ ಹೊರಳಿಸಿದರೆ ಗಿಟಾರು ಮಾತಾಡುತ್ತದೆ. ಮೈ ವಾದ್ಯ, ನಾಲಿಗೆ ಕೋಲು ಎಂಬ ಮಾತನ್ನು ಇಷ್ಟು ಅಕ್ಷರಶಃ ತೆಗೆದುಕೊಂಡ ಯಂತ್ರ ಇನ್ನೊಂದು ನನಗೆ ಗೊತ್ತಿಲ್ಲ.

ಇನ್ನು ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಪೆಡಲ್‌ಗಳಲ್ಲಿ ಅತಿ ವಿಚಿತ್ರವೆನಿಸುವ ರಿಂಗ್ ಮಾಡ್ಯುಲೇಟರ್ ತತ್ವಪದಕ್ಕೆ ಹೊಂದುತ್ತದೆ, ಎಲ್ಲರೂ ಮೆಚ್ಚುವ ಇಂಪಾದ ಎಕೋ ಹೊಂದುವುದಿಲ್ಲ ಎಂದರೆ ನಿಮಗೆ ತಲೆಕೆಳಗು ಅನ್ನಿಸಬಹುದು. ರಿಂಗ್ ಮಾಡ್ಯುಲೇಟರ್ ಎರಡು ಸ್ವರಗಳನ್ನು ಗುಣಿಸುತ್ತದೆ. ಸೆಕೆಂಡಿಗೆ 200 ಕಂಪನದ ಒಂದು ಸ್ವರ, 150ರ ಇನ್ನೊಂದು ಕೊಟ್ಟರೆ ಹೊರಬರುವುದು 350 ಮತ್ತು 50. ಅವುಗಳ ಮೊತ್ತ ಮತ್ತು ವ್ಯತ್ಯಾಸ. ಕೊಟ್ಟ ಎರಡೂ ಸ್ವರ ಕಾಣೆ! ಕೇಳುವುದಕ್ಕೆ ಒಡಕು ಗಂಟೆಯ ಹಾಗಿರುತ್ತದೆ. ಈಗ ಅಲ್ಲಮನ ಬೆಡಗಿನ ವಚನಗಳನ್ನು ನೆನೆಸಿಕೊಳ್ಳಿ. ಅಲ್ಲೂ ಕೂಡದ ಎರಡು ವಸ್ತುಗಳನ್ನು ಒಂದರ ಮೇಲೊಂದು ಇಡುತ್ತಾರೆ. ಎರಡೂ ತಮ್ಮ ಗುರುತು ಬಿಟ್ಟು, ಎರಡರಲ್ಲೂ ಇಲ್ಲದ ಮೂರನೆಯದು ಎದುರಿಗೆ ನಿಲ್ಲುತ್ತದೆ. ಉಪಮೆಯಲ್ಲಾದರೆ ಮುಖವೂ ಚಂದ್ರನೂ ಇಬ್ಬರೂ ಉಳಿಯುತ್ತಾರೆ. ಬೆಡಗಿನಲ್ಲಿ ಉಳಿಯುವುದಿಲ್ಲ. ಅದಕ್ಕೇ ಬೆಡಗಿನ ಪದಕ್ಕೆ ಸಿಹಿ ಹಿನ್ನೆಲೆ ಹಾಕಿದಾಗ ಕೇಳುಗ ಒಗಟನ್ನು ಮರೆತು ತಲೆದೂಗುತ್ತಾನೆ. ಕಿವಿಗೆ ಚೂರು ತಡಕುವ ಸದ್ದು ಇದ್ದರೆ ಎಚ್ಚರವಾಗಿರುತ್ತಾನೆ.

ಶಿಶುನಾಳ ಷರೀಫರ ಗುಡುಗುಡಿಯ ಪದ ನೋಡೋಣ. ಗುಡುಗುಡಿ ಎಂಬ ಹೆಸರೇ ನೀರಿನೊಳಗೆ ಹೊಗೆ ಹಾಯುವ ಸದ್ದಿನಿಂದ ಬಂದದ್ದು. ಅಂದರೆ ಪದದ ಮೊದಲ ಶಬ್ದದಲ್ಲೇ ಒಂದು ಎಫೆಕ್ಟ್ ಇದೆ. ಚಟದ ವಸ್ತುವನ್ನು ಸಾಧನೆಯ ವಸ್ತುವಾಗಿ ತಿರುಗಿಸುವುದು ಪದದ ಬೆಡಗು. ಸಿ. ಅಶ್ವಥ್ ಅವರ ದನಿಯಲ್ಲಿ, 1990ರ 'ಸಂತ ಶಿಶುನಾಳ ಷರೀಫ' ಸಿನಿಮಾದ ಬಲದಿಂದ ಷರೀಫರು ಮನೆಮನೆಗೆ ಬಂದರು. 2008ರ ರಘು ದೀಕ್ಷಿತ್ ಆಲ್ಬಮ್ಮಿನಿಂದ ಇದೇ ಪದ ಕಾಲೇಜು ಹುಡುಗರ ಹಾಡಾಯಿತು. ರಘು ದೀಕ್ಷಿತ್ ಪದವನ್ನು ಕೆಡಿಸಿದರು ಎನ್ನುವವರ ಜೊತೆ ನಾನಿಲ್ಲ. ಮಾತು ಅವರಲ್ಲಿ ನಿಚ್ಚಳವಾಗಿ ಕೇಳುತ್ತದೆ, ಅದು ದೊಡ್ಡದು. ನನ್ನ ಅಸಮಾಧಾನ ತದ್ವಿರುದ್ಧ: ಅಲ್ಲಿ ವಿಚಿತ್ರ ಸಾಲದು. ಹುರುಪು ಎಷ್ಟಿದೆ ಅಂದರೆ ಗುಡುಗುಡಿ ಬರೀ ಗುಡುಗುಡಿಯಾಗಿ, ಕುಣಿಯುವ ಖುಷಿಯಾಗಿ ಉಳಿಯುತ್ತದೆ. ಅದರೊಳಗಿನ ನಗೆಗೆ ಒಂದು ಅನುಮಾನದ ಅಂಚು ಇದೆ. ಆ ಅಂಚಿಗೆ ಫಜ್ ಪೆಡಲ್ಲಿನ ಒಂದು ಗೊರಗು ಸಾಕಿತ್ತು ಅಂತ ನನಗನಿಸುತ್ತದೆ.

ಎಕೋ ಯಾಕೆ ಒಗ್ಗುವುದಿಲ್ಲ? ಇದಕ್ಕೆ ನಮ್ಮ ಕಡೆಯ ಉದಾಹರಣೆ ಕೊಡಬೇಕು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಆಲೂರು ಸೀಮೆಯ ಚಿಪ್ಪಗಿರಿಯಲ್ಲಿ ವಿಜಯದಾಸರು 1755ರಲ್ಲಿ ದೇಹ ಬಿಟ್ಟರು. ತುಂಗಭದ್ರೆಯ ದಂಡೆಗೆ ಮಂತ್ರಾಲಯ. ಈ ಸೀಮೆಯಲ್ಲಿ ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತೆಲುಗು ಓದಿದವರು ಬಹಳ. ಅವರಿಗೆ ದಾಸರ ಪದ ಪುಸ್ತಕದಲ್ಲಿಲ್ಲ, ಭಜನೆಯ ಮೈಕಿನಲ್ಲಿದೆ. ಆ ಮೈಕ್ ಸೆಟ್ಟಿನಲ್ಲಿ ಎಕೋ ಎಂಬ ತಿರುಗಣೆ ಇರುತ್ತದೆ, ಅದು ಸಾಮಾನ್ಯವಾಗಿ ಪೂರ್ತಿ ತಿರುಗಿರುತ್ತದೆ. ನಮ್ಮೂರುಗಳ ಪೆಡಲ್ ಅದೇ.

ಸೆಕೆಂಡಿಗೆ ನಾಲ್ಕು ಅಕ್ಷರದ ಗತಿಯಲ್ಲಿ ಹಾಡಿದರೆ ಒಂದು ಅಕ್ಷರಕ್ಕೆ ಕಾಲು ಸೆಕೆಂಡು. ಎಕೋ ಕೂಡ ಹೆಚ್ಚುಕಡಿಮೆ ಅಷ್ಟೇ ತಡವಾಗಿ ಮರಳಿದರೆ ಪ್ರತಿ ಅಕ್ಷರದ ಮೇಲೆ ಹಿಂದಿನ ಅಕ್ಷರ ಬಂದು ಕೂರುತ್ತದೆ. ದಾಸರ ಪದದಲ್ಲಿ ಇದರ ಪೆಟ್ಟು ಬೀಳುವುದು ಅಂಕಿತಕ್ಕೆ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ: ಕವಿ ಯಾರು ಎಂಬುದು ಮೊದಲರ್ಧದಲ್ಲಿದೆ. ಮೇಳದವರು ಅಷ್ಟರಲ್ಲಿ ಪಲ್ಲವಿಗೆ ಹಾರಿರುತ್ತಾರೆ, ಮೈಕಿನಲ್ಲಿ ಉಳಿಯುವುದು ವಿಠಲ ವಿಠಲ ವಿಠಲ. ಭಕ್ತಿಗೆ ಸಾಕಾಗಬಹುದು. ಆದರೆ ಚಿಪ್ಪಗಿರಿಯಿಂದ ಕೂಗಳತೆಯಲ್ಲಿ ಬೆಳೆದ ಮಗು ವಿಜಯದಾಸರ ಹೆಸರನ್ನು ಕೇಳಿಸಿಕೊಳ್ಳದೆ ಹೋಗುವುದು ಸಾಹಿತ್ಯದ ನಷ್ಟ. ಓದು ಬಾರದ ಕನ್ನಡಕ್ಕೆ ಕಿವಿಯೊಂದೇ ದಾರಿ.

ಎಕೋದ ಇನ್ನೊಂದು ತೊಂದರೆ, ಅದು ಬಿಡುವನ್ನು ತುಂಬಿಬಿಡುತ್ತದೆ. ಒಗಟಿನ ಸಾಲು ಮುಗಿದ ಮೇಲೆ ಕೇಳುಗನಿಗೆ ಒಂದು ಉಸಿರಿನಷ್ಟು ಹೊತ್ತು ಬೇಕು. ಹೂವಿನಹಡಗಲಿ ಸೀಮೆಯ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವ ಮೊದಲು 'ಸದ್ದಲೇ' ಅಂತ ಕೂಗುತ್ತಾನೆ. ಅಷ್ಟು ಸಾವಿರ ಜನ ಗಪ್ಪಾಗುತ್ತಾರೆ. ಆಮೇಲೆ ಒಂದೇ ಸಾಲು. ಅದರ ಅರ್ಥವನ್ನು ಜನ ವರ್ಷವಿಡೀ ಬಿಡಿಸುತ್ತಾರೆ. ಗೊರವರು ನಮ್ಮ ಆಲೂರು, ಹೊಳಗುಂದಿ ಕಡೆಯೂ ಇದ್ದಾರೆ. ಡಮರುಗದ ಗದ್ದಲವೂ ಅವರದೇ, ಆ ಮೌನವೂ ಅವರದೇ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಬಹುದು.

ಪ್ರಶ್ನೆ (ಒಬ್ಬ ಅಧ್ಯಾಪಕರು): ನಿಮ್ಮ ವಾದ ಸರಿ, ಆದರೆ ಭಜನೆಯವರಿಗೆ ಎಕೋದಲ್ಲಿ ಕಲ್ಲಿನ ಗುಡಿಯ ಗುಣ ಕೇಳುತ್ತಿರಬಹುದಲ್ಲ? ಅದನ್ನು ತಪ್ಪು ಎನ್ನುವುದಕ್ಕೆ ವಿಮರ್ಶಕರಿಗೆ ಏನು ಹಕ್ಕಿದೆ?

ಉತ್ತರ: ಹೌದು ಸರ್, ಆ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಕಲ್ಲಿನ ಮಂಟಪದಲ್ಲಿ ದನಿ ಮೆಲ್ಲಗೆ ಸವೆಯುತ್ತದೆ, ಹಾಡುವವರೂ ಅದನ್ನು ಕೇಳಿಕೊಂಡು ತಾವಾಗೇ ನಿಧಾನ ಮಾಡುತ್ತಾರೆ. ಮೈಕಿನ ಎಕೋ ತುಂಡು ತುಂಡಾಗಿ ಮರಳುತ್ತದೆ, ಹಾಡುವವರು ಮೊದಲಿನ ವೇಗದಲ್ಲೇ ಹೋಗ್ತಿರ್ತಾರೆ. ಎಕೋ ಬೇಡ ಅಂತ ನಾನು ಹೇಳ್ತಿಲ್ಲ ಸರ್. ಮಿಕ್ಸರಿನಲ್ಲಿ ಸಾಮಾನ್ಯವಾಗಿ ಒಂದೊಂದು ಮೈಕಿಗೂ ಬೇರೆ ಬೇರೆ ತಿರುಗಣೆ ಇರುತ್ತದೆ. ಹಾರ್ಮೋನಿಯಂ ಮುಂದಿನ ಮೈಕಿಗೆ ಎಷ್ಟು ಬೇಕಾದರೂ ಇಡಲಿ, ತಾಳದ ಮೈಕಿಗೂ ಇಡಲಿ. ಪದ ಹೇಳುವವರ ಮೈಕಿಗೆ ಮಾತ್ರ ಕೊನೆಯ ನುಡಿ ಬಂದಾಗ ಇಳಿಸಲಿ. ಸೆಟ್ಟಿನ ಹುಡುಗನಿಗೆ ಅಂಕಿತ ಎಲ್ಲಿ ಬರುತ್ತದೆ ಅಂತ ಹೇಳಿಕೊಡುವ ಕೆಲಸ ಬೇಕಾದರೆ ನಾವು ಮಾಡೋಣ.