ವಿದೂಷಕನ ಮಳೆಹಾಡು

ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ಮುಗಿಯುವುದು ನಗೆಯಿಂದಲ್ಲ, ಹಾಡಿನಿಂದ. ಜೋಡಿಗಳೆಲ್ಲ ಕೂಡಿ ಒಳಗೆ ಹೋದ ಮೇಲೆ ವಿದೂಷಕ ಫೆಸ್ಟೆ ಒಬ್ಬನೇ ನಿಂತು, ಗಾಳಿಮಳೆಯ ಪಲ್ಲವಿ ಹಿಡಿದು, ತನ್ನ ಬಾಲ್ಯ, ಯೌವನ, ಮದುವೆ, ಕುಡಿತಗಳ ಕಥೆ ಹೇಳುತ್ತಾನೆ. ಇದು ಅರ್ಥವಿಲ್ಲದ ಹಾಡೆಂದು ತಳ್ಳಿಹಾಕಿದ ಪಂಡಿತರುಂಟು. ಬೈಬಲಿನ ಪರಿಚಯವಿರುವ ಕಿವಿಗೆ ಮಾತ್ರ ಅದು ಹಾಗೆ ಕೇಳಿಸದು.

ಆ ಕಾಲದ ಪ್ರೇಕ್ಷಕರಿಗೆ ಈ ಪರಿಚಯ ಅನಿವಾರ್ಯವಾಗಿತ್ತು. 1559ರ ಕಾಯಿದೆಯಂತೆ ಭಾನುವಾರ ಚರ್ಚಿಗೆ ಹೋಗದವರು 12 ಪೆನ್ಸ್ ದಂಡ ತೆರಬೇಕಿತ್ತು. ಅಲ್ಲಿ ಇಂಗ್ಲಿಷ್ ಬೈಬಲಿನ ಪಾಠಗಳು ವರ್ಷವರ್ಷವೂ ಕಿವಿಗೆ ಬೀಳುತ್ತಿದ್ದವು. (1611ರ ಪ್ರಸಿದ್ಧ ಅನುವಾದ ಆಗಿನ್ನೂ ಬಂದಿರಲಿಲ್ಲ, ಬಳಕೆಯಲ್ಲಿದ್ದವು 1560ರ ಜಿನೀವಾ ಬೈಬಲ್ ಮತ್ತು 1568ರ ಬಿಷಪ್ಪರ ಬೈಬಲ್.)

ಹಾಡಿನ ಆರಂಭವನ್ನೇ ನೋಡಿ. ಬಾಲಕನಾಗಿದ್ದಾಗ ಹೀಗೆ, ದೊಡ್ಡವನಾದಾಗ ಹೀಗೆ ಎಂಬ ಅದರ ಕಟ್ಟು, ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯದ್ದು. ಉಪವಾಸಕಾಲಕ್ಕೆ ಮುಂಚಿನ ಕೊನೆಯ ಭಾನುವಾರ ಇಂಗ್ಲೆಂಡಿನ ಚರ್ಚುಗಳಲ್ಲಿ ಓದುತ್ತಿದ್ದ ಪಾಠವೇ ಅದು. ಮೋಜಿನ ದಿನಗಳು ಮುಗಿಯುವ ಸೂಚನೆ. ಈ ನಾಟಕದ, ನಮಗೆ ದಾಖಲೆಯಿರುವ ಮೊದಲ ಪ್ರಯೋಗ ನಡೆದದ್ದು ಲಂಡನ್ನಿನ ಮಿಡಲ್ ಟೆಂಪಲಿನಲ್ಲಿ, 1602ರ ಫೆಬ್ರವರಿ 2ರಂದು. ಆ ಪಾಠದ ಭಾನುವಾರಕ್ಕೆ ಎರಡು ವಾರವೂ ಉಳಿದಿರಲಿಲ್ಲ.

ಪೌಲನ ಆ ಅಧ್ಯಾಯದ ವಸ್ತು ಪ್ರೀತಿ. ಬಾಲ್ಯದ್ದನ್ನು ಬಿಟ್ಟವನಿಗೆ ಅಲ್ಲಿ ಪ್ರೀತಿಯ ಪೂರ್ಣದರ್ಶನ ಕಾದಿದೆ. ಫೆಸ್ಟೆಯ ಹಾಡಿನಲ್ಲಿ ದೊಡ್ಡವನಾದವನಿಗೆ ಕಾದಿರುವುದು ಮುಚ್ಚಿದ ಬಾಗಿಲು! ಮೂರು ಮದುವೆಗಳ ನಾಟಕದ ತುದಿಯಲ್ಲಿ, ಪ್ರೀತಿಯ ಅಧ್ಯಾಯದಿಂದ ಪ್ರೀತಿಯನ್ನೇ ತೆಗೆದಿಟ್ಟ ಹಾಡು. ಇದು ಆಕಸ್ಮಿಕವೆಂದು ನನಗನಿಸದು.

ಇಂಥ ಚೇಷ್ಟೆ ನಾಟಕದಲ್ಲಿ ಮೊದಲೇ ಬಂದಿದೆ. ಎರಡನೆಯ ಅಂಕದಲ್ಲಿ ಕುಡಿದ ಸರ್ ಟೋಬಿ ಬಾಬಿಲೋನಿನ ಸುಸನ್ನಳ ಲಾವಣಿಯನ್ನು ಎತ್ತಿಕೊಳ್ಳುತ್ತಾನೆ. ಸ್ನಾನಕ್ಕಿಳಿದ ಸಾಧ್ವಿಯನ್ನು ಬಯಸಿ, ಆಕೆ ಒಲ್ಲದಾಗ ಆಕೆಯ ಮೇಲೆಯೇ ದೋಷ ಹೊರಿಸಿದ ಹಿರಿಯರನ್ನು ಯುವಕ ದಾನಿಯೇಲ ಬಯಲಿಗೆಳೆದ ಕಥೆ ಅದು. ತುಸು ಹೊತ್ತಿನಲ್ಲೇ ಪ್ರವೇಶಿಸುವವನು ಮಾಲ್ವೋಲಿಯೊ: ಹೊರಗೆ ಶೀಲದ ಕಾವಲುಗಾರ, ಒಳಗೆ ಒಡತಿಯನ್ನು ಬಯಸುವವನು. ಕುಡುಕನ ಅಪಸ್ವರ ಅವನ ಮುಖಕ್ಕೆ ಕನ್ನಡಿ ಹಿಡಿದಂತಾಗುತ್ತದೆ.

ಹಾಗಾದರೆ ಫೆಸ್ಟೆಯದು ಬರಿಯ ಅಣಕವೇ? ಅಲ್ಲವೆನ್ನಲು ಪಲ್ಲವಿಯ ಮಳೆಯೇ ಸಾಕ್ಷಿ. ನೀತಿವಂತರ ಮೇಲೂ ಅನೀತಿವಂತರ ಮೇಲೂ ದೇವರು ಮಳೆ ಸುರಿಸುತ್ತಾನೆಂಬ ಮಾತು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ಸೇಡಿನ ಮಾತಾಡಿ ಹೊರನಡೆದ ಮಾಲ್ವೋಲಿಯೊನನ್ನು ಯಾವ ಜೋಡಿಯೂ ಒಳಗೆ ಸೇರಿಸಿಕೊಂಡಿಲ್ಲ. ಮಳೆ ಮಾತ್ರ ಅವನನ್ನು ಬಿಟ್ಟಿಲ್ಲ. ನೆನೆಸುವುದೂ ಅದೇ, ಬೆಳೆಸುವುದೂ ಅದೇ.

ಈ ಹಾಡನ್ನು ಕನ್ನಡಕ್ಕೆ ತರುವವರು ಪ್ರಾಸಕ್ಕಾಗಿ ಮಳೆಯನ್ನು ಬಿಟ್ಟುಕೊಡದಿರಲಿ. ಅದು ಹೋದರೆ ಹಾಡಿನಲ್ಲಿ ಉಳಿಯುವುದು ಮುಚ್ಚಿದ ಬಾಗಿಲು ಮಾತ್ರ.